ಹಬ್ಬದ ದಿನ ನಾವು ನಿಂತ ಜಾಗ

ಯುಗಾದಿಯ ಮಾರನೇ ದಿನ ಬೆಳಿಗ್ಗೆ ಅವ್ವ ಕಂಕುಳಲ್ಲಿ ಮಂಕರಿ ಇಟ್ಟುಕೊಂಡು ಊರೊಳಕ್ಕೆ ಹೊರಡುತ್ತಿದ್ದಳು. ಅವಳ ಸೆರಗು ಹಿಡಿದು ಹಿಂದೆ ನಾನು. ನನಗಾಗ ಆರೋ ಏಳೋ ವರ್ಷ. ಗೌಡರ ಬೀದಿಯ ಒಂದೊಂದು ಮನೆಯ ಮುಂದೆಯೂ ಜಗಲಿಯಿಂದ ನಾಕು ಮಾರು ದೂರ ನಿಂತು, ‘ಅವ್ವಾರೇ, ಹಬ್ಬದ್ದು ಹಾಕ್ರವ್ವಾ... ಬುದ್ದೀ, ಹಬ್ಬದ್ದು ಹಾಕಿ ಬುದ್ದೀ’ ಎಂದು ಕೂಗುತ್ತಿದ್ದಳು. ಒಳಗಿಂದ ಯಾರಾದರೂ ಬಂದು ಎತ್ತರದಿಂದ ಮಂಕರಿಗೆ ಒಬ್ಬಟ್ಟು ಬಿಡುತ್ತಿದ್ದರು. ಎತ್ತರದಿಂದ ಯಾಕೆ ಎಂದರೆ, ಕೈ ತಾಗಬಾರದಲ್ಲ. ಬಿಟ್ಟದ್ದು ಕೆಲವು ಸಲ ಮಂಕರಿಗೆ ಬೀಳುತ್ತಿತ್ತು, ಕೆಲವು ಸಲ ಮಣ್ಣಿಗೆ. ಮಣ್ಣಿಗೆ ಬಿದ್ದದ್ದನ್ನು ಎತ್ತಿ, ಊದಿ, ಮಂಕರಿಗೆ ಹಾಕುವುದು ನನ್ನ ಕೆಲಸ. ಅಂಚು ಒಣಗಿ ಚಕ್ಕೆಯಂತಾದ ಒಬ್ಬಟ್ಟು, ಹಳಸುವ ಹಂತದ ಸಾರು, ಒಂದರ ಮೇಲೊಂದು ಬಿದ್ದು ಎಲ್ಲ ಮನೆಯ ರುಚಿಯೂ ಒಂದೇ ಆಗಿಬಿಡುತ್ತಿತ್ತು.

ಒಂದು ವರ್ಷ ದಾರಿಯಲ್ಲಿ ಕೇಳಿದೆ: ‘ಅವ್ವೋ, ಹಬ್ಬ ನೆನ್ನೆನೇ ಆಗೋಯ್ತಲ್ಲ?’

ಅವ್ವ ನಡೆಯುತ್ತಲೇ ಹೇಳಿದಳು: ‘ಅವರ್ದು ನೆನ್ನೆ ಕನ ಮಗ. ನಮ್ದು ಇವತ್ತು.’

ಗೆಳೆಯರೇ, ಈ ಮಾತನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ಮೊದಮೊದಲು ಇದು ಮಗುವನ್ನು ಸುಮ್ಮನಿರಿಸಲು ಆಡಿದ ಮಾತು ಅನ್ನಿಸಿತ್ತು. ಆಮೇಲೆ ಓದು ಬಂತು, ಸಂಘಟನೆ ಬಂತು, ಶಿಬಿರಗಳಲ್ಲಿ ಕೂತು ರಾತ್ರಿಯೆಲ್ಲ ವಾದ ಮಾಡಿದ್ದಾಯಿತು. ಆಗ ಇದು ಗುಲಾಮಗಿರಿಯ ಮಾತು ಅನ್ನಿಸಿತು. ಈಗ ಮಾಸ್ತರಿಕೆ ಮುಗಿಸಿ ಪಿಂಚಣಿ ತಗೊಳ್ಳುವ ವಯಸ್ಸಿನಲ್ಲಿ, ಅದರೊಳಗೆ ಬಿಡಿಸಲಾಗದ ಒಂದು ಪ್ರಶ್ನೆ ಕೂತಿದೆ ಅನ್ನಿಸುತ್ತಿದೆ. ಹಬ್ಬ ಯಾವತ್ತು ಎಂದು ಪಂಚಾಂಗ ಹೇಳುತ್ತದೆ. ಹಬ್ಬದ ದಿನ ಯಾರು ಎಲ್ಲಿ ನಿಂತಿರುತ್ತಾರೆ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಬೇರೆಯವರ ಬಾಗಿಲಲ್ಲಿ ಕೈಯೊಡ್ಡಿ ತಂದ ಸಂತೋಷ ನನ್ನ ಸಂತೋಷವೇ? ಅಲ್ಲ ಅಂದರೆ, ಆ ಒಬ್ಬಟ್ಟನ್ನು ಬಾಯಿಗಿಟ್ಟಾಗ ನನಗಾದ ಆನಂದವನ್ನು ಏನೆಂದು ಕರೆಯಬೇಕು? ಸುಳ್ಳು ಎನ್ನಲೇ? ನಾಲಗೆಗೆ ಸುಳ್ಳು ಹೇಳಲು ಬರುವುದಿಲ್ಲ.

ಯುಗಾದಿಯನ್ನೇ ತೆಗೆದುಕೊಳ್ಳಿ. ಯುಗದ ಆದಿ, ಹೊಸ ವರ್ಷ, ಚೈತ್ರ ಶುದ್ಧ ಪಾಡ್ಯ. ಮಾವಿನ ತೋರಣ, ಎಣ್ಣೆ ನೀರು, ಬೇವು ಬೆಲ್ಲ. ಬೇವು ಎಂದರೆ ಕಷ್ಟ, ಬೆಲ್ಲ ಎಂದರೆ ಸುಖ, ಎರಡನ್ನೂ ಸಮನಾಗಿ ತಗೋಬೇಕು ಎಂದು ನಾನೇ ಎಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿಲ್ಲ! ಆದರೆ ನಮ್ಮ ಅಪ್ಪನಿಗೆ ಯುಗಾದಿ ಎಂದರೆ ಜೀತದ ಲೆಕ್ಕದ ದಿನ. ನಮ್ಮ ಕಡೆ ಜೀತ ಯುಗಾದಿಯಿಂದ ಯುಗಾದಿಗೆ. ಹಬ್ಬದ ಆಸುಪಾಸಿನಲ್ಲಿ ಗೌಡರ ಜಗಲಿ ಕೆಳಗೆ ಕುಕ್ಕರುಗಾಲಲ್ಲಿ ಕೂತರೆ, ಕೊಟ್ಟ ರಾಗಿ, ಕೊಟ್ಟ ಕಂಬಳಿ, ಕಾಯಿಲೆಗೆ ಬಿದ್ದು ಕೆಲಸಕ್ಕೆ ಬರದ ದಿನಗಳು, ಮದುವೆಗೆ ಎತ್ತಿದ ಸಾಲ, ಎಲ್ಲ ಕೂಡಿಸಿ, ಕಳೆದು (ಕಳೆಯುವುದು ಕಮ್ಮಿ), ‘ಇನ್ನೊಂದು ವರ್ಸ ಇರ್ಲಾ’ ಎಂದು ಹೇಳಿ ಕಳಿಸುತ್ತಿದ್ದರು. ಅಷ್ಟೇ. ಅವರ ವರ್ಷ ಹೊಸದಾಗುತ್ತಿತ್ತು. ಅಪ್ಪನ ಹಳೇ ಸಾಲ ಹೊಸದಾಗುತ್ತಿತ್ತು. ಮರುದಿನವೋ ಮೂರನೇ ದಿನವೋ ಹೊನ್ನಾರು ಕಟ್ಟುತ್ತಿದ್ದರು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಹೂವು. ನೇಗಿಲ ಮೇಣಿ ಹಿಡಿದು ಮೊದಲ ಸಾಲು ಎಳೆಯಲು ಮುಹೂರ್ತ ನೋಡುತ್ತಿದ್ದರು. ಆ ಮುಹೂರ್ತದ ಮೊದಲ ಸಾಲು ಗೌಡರದ್ದು. ಎರಡನೇ ಸಾಲಿನಿಂದ ಮುಂದಿನ ಯುಗಾದಿಯವರೆಗಿನ ಎಲ್ಲ ಸಾಲೂ ಅಪ್ಪನದ್ದು.

1975ರಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯಿದೆಯಾಗಿ ಜೀತಪದ್ಧತಿ ರದ್ದಾಯಿತು. ದೇವರಾಜ ಅರಸರ ಕಾಲ ಅದು. ಅಪ್ಪನಿಗೆ ಕಾಯಿದೆ ಬಂದದ್ದು ಗೊತ್ತಾಗಲಿಕ್ಕೆ ಇನ್ನೆರಡು ಯುಗಾದಿ ಬೇಕಾಯಿತು. ಗೊತ್ತಾದ ದಿನ ಅವನು ಸಂತೋಷಪಡಲಿಲ್ಲ. ‘ಹಂಗಾರೆ ಈ ಸಲ ಯುಗಾದೀಲಿ ಎಲ್ಲಿ ಹೋಗಿ ಕೂತ್ಕಳ್ಳಾದು?’ ಎಂದ. ಆಗ ನಾನು ನಕ್ಕಿದ್ದೆ. ಕಾಲೇಜು ಹುಡುಗ. ಈಗ ಆ ನಗುವಿಗೆ ನಾಚಿಕೆಯಾಗುತ್ತದೆ. ಒಬ್ಬ ಮನುಷ್ಯನಿಗೆ ಇಡೀ ಬದುಕಿನಲ್ಲಿ ಹೊಸ ವರ್ಷದ ದಿನ ಇದ್ದದ್ದು ಒಂದೇ ಜಾಗ, ಆ ಜಗಲಿಯ ಕೆಳಗಿನ ನೆಲ. ಅದನ್ನೂ ಕಿತ್ತುಕೊಂಡ ಮೇಲೆ ಅವನಿಗೆ ಬೇರೆ ಜಾಗ ಯಾವುದು ಎಂದು ಕಾಯಿದೆ ಬರೆದವರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಯುಗಾದಿ ದಿನ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಿದ್ದರು. ಸಂವತ್ಸರದ ಹೆಸರೇನು, ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯ ಎಷ್ಟು ವ್ಯಯ ಎಷ್ಟು. ನಮ್ಮವರು ಬೀದಿಯಾಚೆಯ ಹುಣಸೆ ಮರದಡಿ ನಿಂತು ಕಿವಿಗೊಡುತ್ತಿದ್ದರು. ಆ ಮಳೆಯಲ್ಲಿ ನೆನೆಯುವವರು ನಾವು, ಆ ಬೆಳೆ ಬೆಳೆಯುವವರು ನಾವು. ಭವಿಷ್ಯ ಮಾತ್ರ ಗಾಳಿ ಬೀಸಿದ ಕಡೆಗೆ ಹಾರಿ ಅಷ್ಟೋ ಇಷ್ಟೋ ನಮ್ಮ ಕಿವಿಗೆ ಬೀಳಬೇಕು. ರಾಶಿ ಕೇಳಿಸಿದರೂ ಉಪಯೋಗವಿರಲಿಲ್ಲ. ಕೇರಿಯಲ್ಲಿ ಯಾರಿಗೆ ತಮ್ಮ ರಾಶಿ ಗೊತ್ತಿತ್ತು? ‘ದೊಡ್ಡ ಬರ ಬಂದ ವರ್ಸ ಹುಟ್ಟಿದ್ದು’ ಎಂಬುದೇ ನಮ್ಮ ಜಾತಕ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳಿದ್ದರೂ ಒಂದೂ ನಮ್ಮದಲ್ಲ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ನನ್ನ ಮುಖ ನೋಡಿ, ಬಲಗೈಯನ್ನು ತಲೆ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ಜೂನ್ 1 ಎಂದು ಬರೆದುಕೊಂಡರು. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಜೂನ್ 1ರಂದು ಹುಟ್ಟಿದೆ. ನಾನೂ ಮಾಸ್ತರನಾದ ಮೇಲೆ ಎಷ್ಟೋ ಮಕ್ಕಳನ್ನು ಅದೇ ದಿನ ಹುಟ್ಟಿಸಿದ್ದೇನೆ.

ಇಷ್ಟಾದರೂ ನಮ್ಮನ್ನು ಬಿಟ್ಟು ಊರಿನ ಒಂದು ಹಬ್ಬವೂ ಆಗುತ್ತಿರಲಿಲ್ಲ. ಇದು ವಿಚಿತ್ರ. ಸಾರು ಹಾಕುವವರು ನಾವು, ತಮಟೆ ಬಡಿಯುವವರು ನಾವು, ಕೊಂಡಕ್ಕೆ ಸೌದೆ ತರುವವರು ನಾವು, ಬಲಿಯ ಪ್ರಾಣಿಯನ್ನು ಹಿಡಿಯುವವರು ನಾವು. ತಮಟೆ ಮುಂದೆ, ದೇವರು ಹಿಂದೆ. ಆದರೆ ದೇವಸ್ಥಾನದ ಮೆಟ್ಟಿಲು ಬಂದ ಕೂಡಲೆ ತಮಟೆ ಪಕ್ಕಕ್ಕೆ ಸರಿಯಬೇಕು, ದೇವರು ಒಳಕ್ಕೆ ಹೋಗಬೇಕು. ತೇರು ಬೀದಿ ಬೀದಿ ಸುತ್ತಿ ಕೇರಿಯ ತಿರುವಿಗೆ ಬಂದು ಮುಖ ತಿರುಗಿಸಿಕೊಳ್ಳುತ್ತಿತ್ತು. ನಮ್ಮ ಹೆಂಗಸರು ಆ ತಿರುವಿನಲ್ಲೇ ನಿಂತು, ದೂರದಿಂದಲೇ ಹಣ್ಣು ದವನ ಎಸೆದು ಕೈಮುಗಿಯುತ್ತಿದ್ದರು. ಎಲ್ಲ ಕಡೆಯೂ ಇರುವ ದೇವರು ಆ ತಿರುವಿನಿಂದ ಇತ್ತ ಕಡೆ ಮಾತ್ರ ಯಾಕಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಿದವರಿಗೆ ಏನಾಯಿತು ಎಂಬುದು ಎಲ್ಲ ಊರಿನಲ್ಲೂ ಒಂದೇ ಕತೆ.

ಮಾರಿಹಬ್ಬದ್ದು ಇನ್ನೂ ಘೋರ. ನಮ್ಮ ನಾಡಿನ ಹಲವು ಕಡೆ ಹೇಳುವ ಮಾರಿಯ ಕತೆ ನಿಮಗೆ ಗೊತ್ತು. ಕೇರಿಯ ಹುಡುಗನೊಬ್ಬ ಜಾತಿ ಮರೆಮಾಚಿ ವಿದ್ಯೆ ಕಲಿತು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಸಂಸಾರ ಚೆನ್ನಾಗಿಯೇ ನಡೆದಿರುತ್ತದೆ. ಒಂದು ದಿನ ಅವನ ತಾಯಿ ಮನೆಗೆ ಬಂದು ಊಟಕ್ಕೆ ಕೂತು ಬಾಯಿ ತಪ್ಪಿ ಆಡಿದ ಒಂದು ಮಾತಿನಿಂದ ಗುಟ್ಟು ಬಯಲಾಗುತ್ತದೆ. ಹೆಂಡತಿ ಉರಿದು ಮಾರಿಯಾಗುತ್ತಾಳೆ. ಓಡುವ ಗಂಡ ಕೋಣನೊಳಗೆ ಅಡಗುತ್ತಾನೆ. ಅವಳು ಕೋಣನನ್ನೇ ಕಡಿಯುತ್ತಾಳೆ. ಕಡಿಯುವ ಕೋಣ ಯಾರು ಎಂದು ತಿಳಿಯಿತಲ್ಲ? ನಮ್ಮ ಹುಡುಗ. ಅವನ ತಪ್ಪು ಓದಿದ್ದು, ಪ್ರೀತಿಸಿದ್ದು. ಆ ಕೊಲೆಯನ್ನು ವರ್ಷ ವರ್ಷವೂ ಹಬ್ಬವೆಂದು ಆಚರಿಸಲಾಗುತ್ತಿತ್ತು. ಅದಕ್ಕೆ ತಮಟೆ ಬಡಿದವರು ನಾವೇ, ಕೋಣನ ಹಗ್ಗ ಹಿಡಿದವರು ನಾವೇ, ತಲೆ ಹೊತ್ತವರೂ ನಾವೇ. ಪ್ರಾಣಿಬಲಿಯನ್ನು ರಾಜ್ಯದಲ್ಲಿ 1959ರ ಕಾಯಿದೆ ನಿಷೇಧಿಸಿತು. ಕತೆಯನ್ನು ಯಾರೂ ನಿಷೇಧಿಸಲಿಲ್ಲ. ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ ನಮ್ಮ ಹುಡುಗನ ಹೆಣ ಕಾಲುವೆಯಲ್ಲಿ ತೇಲುವ ಸುದ್ದಿ ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನ್ನ ಕಿವಿಯಲ್ಲಿ ಮಾರಿಹಬ್ಬದ ತಮಟೆ ಬಡಿಯುತ್ತದೆ.

ಹಾಗಾದರೆ ಒಳಗೆ ಬಿಡಿ ಎಂದು ಕೇಳುವುದು ಸರಿಯೇ? ಒಳಗೆ ಬಿಟ್ಟ ಉದಾಹರಣೆಯೂ ನಮ್ಮಲ್ಲಿದೆ. ಮೇಲುಕೋಟೆಯಲ್ಲಿ ನಮ್ಮವರಿಗೆ ತಿರುಕುಲದವರು ಎಂಬ ದೊಡ್ಡ ಹೆಸರು. ರಾಮಾನುಜಾಚಾರ್ಯರು ದೆಹಲಿಯಿಂದ ಚೆಲುವಪಿಳ್ಳೆಯ ಮೂರ್ತಿ ತರುವಾಗ ನೆರವಾದರೆಂಬ ಐತಿಹ್ಯದ ಮೇಲೆ, ತೇರಿನ ಸಮಯದಲ್ಲಿ ವರ್ಷಕ್ಕೆ ಮೂರು ದಿನ ಅವರಿಗೆ ದೇವಸ್ಥಾನದ ಪ್ರವೇಶವಿತ್ತು. ಬೇಲೂರಿನಲ್ಲೂ ಇಂಥದೇ ವಾಡಿಕೆ ಇತ್ತು. ಇದನ್ನು ಔದಾರ್ಯವೆಂದು ಬರೆದವರಿದ್ದಾರೆ. ನಾನು ಲೆಕ್ಕದ ಮೇಷ್ಟ್ರು: ಮುನ್ನೂರ ಅರವತ್ತೈದರಲ್ಲಿ ಮೂರು ಕಳೆದರೆ ಮುನ್ನೂರ ಅರವತ್ತೆರಡು. ಮೂರು ದಿನ ಬಾಗಿಲು ತೆರೆಯುವವನು ಉಳಿದ ಮುನ್ನೂರ ಅರವತ್ತೆರಡು ದಿನ ಮುಚ್ಚುವ ಹಕ್ಕು ತನ್ನದು ಎಂದು ಹಬ್ಬ ಮಾಡಿ ಸಾರುತ್ತಿದ್ದಾನೆ. ಆದರೂ, ಆ ಮೂರು ದಿನಕ್ಕಾಗಿ ಹರದಾರಿಗಟ್ಟಲೆ ನಡೆದು ಬಂದ ಆ ಕಾಲದ ನಮ್ಮ ಮುದುಕ ಮುದುಕಿಯರನ್ನು ನೆನೆದರೆ ನನ್ನ ಲೆಕ್ಕ ತಪ್ಪುತ್ತದೆ. ಅವರು ಅನುಭವಿಸಿದ್ದು ಅಪಮಾನವನ್ನೇ, ಸಂತೋಷವನ್ನೇ? ನನಗೆ ತಿಳಿದ ಮಟ್ಟಿಗೆ ಎರಡನ್ನೂ, ಒಂದೇ ಉಸಿರಿನಲ್ಲಿ.

ಬಾಬಾಸಾಹೇಬರೂ ಮೊದಲು ಬಾಗಿಲು ತಟ್ಟಿದವರೇ. ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ 1930ರ ಮಾರ್ಚ್ 2ರಂದು ಸತ್ಯಾಗ್ರಹ ಶುರುವಾಯಿತು. ಏಪ್ರಿಲ್ 9 ರಥೋತ್ಸವದ ದಿನ. ರಾಮನ ರಥವನ್ನು ಎರಡೂ ಕಡೆಯವರು ಸೇರಿ ಎಳೆಯುವುದೆಂದು ಒಪ್ಪಂದವಾಗಿತ್ತು. ಒಪ್ಪಂದ ಮುರಿದರು, ನಮ್ಮವರು ಮುಟ್ಟುವ ಮೊದಲೇ ರಥವನ್ನು ಎಳೆದುಕೊಂಡು ಓಡಿದರು, ಕಲ್ಲು ಬಿದ್ದವು. ಯೋಚನೆ ಮಾಡಿ ನೋಡಿ, ಒಂದು ಹಬ್ಬದ ದಿನ, ದೇವರನ್ನು ಇನ್ನೊಬ್ಬ ಮನುಷ್ಯ ಮುಟ್ಟಬಾರದೆಂದು ದೇವರನ್ನೇ ಹೊತ್ತುಕೊಂಡು ಓಡಿಹೋಗುವ ಭಕ್ತರು! ಸತ್ಯಾಗ್ರಹ ವರ್ಷಗಟ್ಟಲೆ ನಡೆಯಿತು, ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲಾದಲ್ಲಿ ಅವರು, ಹಿಂದುವಾಗಿ ಹುಟ್ಟಿದ್ದೇನೆ, ಹಿಂದುವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಇಪ್ಪತ್ತೊಂದು ವರ್ಷ ಕಾದು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಆ ದಿನ ವಿಜಯದಶಮಿ. ಇದನ್ನು ಗಮನಿಸಬೇಕು. ಹಬ್ಬದ ದಿನವನ್ನು ಅವರು ಬಿಟ್ಟುಕೊಡಲಿಲ್ಲ. ಕಳಿಂಗ ಯುದ್ಧದ ರಕ್ತ ನೋಡಿ ಧಮ್ಮದ ಕಡೆ ತಿರುಗಿದ ಅಶೋಕನ ಹೆಸರಿನಲ್ಲಿ ಅದೇ ದಿನವನ್ನು ಅಶೋಕ ವಿಜಯದಶಮಿ ಎಂದು ಕರೆದರು. ದಿನ ಹಳೆಯದು, ನಿಲ್ಲುವ ಜಾಗ ಹೊಸದು. ಅಂದು ಹೇಳಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಗೌರಿ ಗಣಪತಿಯನ್ನು ಪೂಜಿಸುವುದಿಲ್ಲ ಎಂಬುದೂ ಒಂದು. ಅಂದರೆ ಹಬ್ಬದ ಪಟ್ಟಿಯೇ ಬದಲಾಯಿತು.

ಜನವರಿ 1ರ ಹೊಸ ವರ್ಷಕ್ಕೂ ನಮ್ಮವರಿಗೆ ಒಂದು ಜಾಗವಿದೆ. ಪುಣೆ ಹತ್ತಿರ ಭೀಮಾ ನದಿಯ ದಡದ ಕೋರೆಗಾಂವ್. 1818ರ ಜನವರಿ 1ರಂದು ಈಸ್ಟ್ ಇಂಡಿಯಾ ಕಂಪನಿಯ ಒಂದು ಸಣ್ಣ ಪಡೆ ಪೇಶ್ವೆ ಎರಡನೇ ಬಾಜೀರಾಯನ ದೊಡ್ಡ ಸೈನ್ಯದ ಎದುರು ನಿಂತಿತು. ಆ ಪಡೆಯಲ್ಲಿ ಬಹಳ ಮಂದಿ ಮಹಾರರು. ಅಲ್ಲಿನ ಸ್ತಂಭದ ಮೇಲೆ ಸತ್ತವರ ಹೆಸರುಗಳಲ್ಲಿ ‘ನಾಕ’ ಎಂದು ಕೊನೆಯಾಗುವವು ಇಪ್ಪತ್ತೆರಡು. ಅವು ಮಹಾರರ ಹೆಸರು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋಗಿ ಗೌರವ ಸಲ್ಲಿಸಿದರು. ಅಂದಿನಿಂದ ಆ ದಿನ ಅಲ್ಲಿಗೆ ಹೋಗುವುದು ಬೆಳೆಯುತ್ತಾ ಬಂತು. ನಮ್ಮ ಉತ್ತರ ಕರ್ನಾಟಕದಿಂದಲೂ ಬಸ್ಸು, ಟೆಂಪೊ ಮಾಡಿಕೊಂಡು ಹೋಗುತ್ತಾರೆ. 2018ರಲ್ಲಿ ಇನ್ನೂರು ವರ್ಷ ತುಂಬಿದ ದಿನ ಅಲ್ಲಿ ಹಿಂಸೆ ನಡೆದು ಒಂದು ಜೀವ ಹೋಯಿತು.

ಕೆಲವು ವಿದ್ವಾಂಸ ಮಿತ್ರರು ಕೇಳುತ್ತಾರೆ: ಕಂಪನಿ ಸರ್ಕಾರದ ಗೆಲುವನ್ನು ಹಬ್ಬ ಮಾಡುವುದು ಸರಿಯೇನ್ರಿ? ಪ್ರಶ್ನೆ ನ್ಯಾಯವಾದದ್ದು, ಸಿಟ್ಟು ಮಾಡಿಕೊಳ್ಳಬೇಕಾದದ್ದಲ್ಲ. ಬಿಳಿಯರು ನಮ್ಮ ಉದ್ಧಾರಕ್ಕೆ ಯುದ್ಧ ಮಾಡಲಿಲ್ಲ. ಆ ಸಿಪಾಯಿಗಳೂ ಜಾತಿ ನಾಶಕ್ಕೆಂದು ಬಂದೂಕು ಹಿಡಿದಿರಲಿಕ್ಕಿಲ್ಲ; ಸಂಬಳಕ್ಕೆ ಹಿಡಿದರು. ಆದರೆ 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಬರೆದದ್ದನ್ನು ನೆನಪಿಸಿಕೊಳ್ಳಿ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯ ತಾನು ತುಳಿದ ಮಣ್ಣನ್ನು ಗುಡಿಸುತ್ತಾ ಹೋಗಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು, ಉಗುಳನ್ನು ನೆಲಕ್ಕೆ ಬಿಡಬಾರದೆಂದು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು. ಹೆಜ್ಜೆ ಗುರುತು ಕೂಡ ಉಳಿಯಬಾರದು ಎಂದ ನೆಲದಲ್ಲಿ ಹೆಸರು ಕಲ್ಲಿನ ಮೇಲೆ ಉಳಿದಿದೆ. ಜನ ನೋಡಲು ಹೋಗುವುದು ಆ ಹೆಸರನ್ನು. ಕಂಪನಿಯ ಬಾವುಟ ಹಿಡಿದು ಯಾರೂ ಹೋಗುವುದಿಲ್ಲ.

ಇದೇ ಜನವರಿ 1ರ ಇನ್ನೊಂದು ಜಾಗವನ್ನೂ ನೋಡಿದ್ದೇನೆ. ಬೆಂಗಳೂರಿನ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆ. ರಾತ್ರಿ ಹನ್ನೆರಡಕ್ಕೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ನೋಡಿದ್ದು ಬೆಳಗಿನ ಜಾವ, ಆಸ್ಪತ್ರೆಯಲ್ಲಿದ್ದ ನೆಂಟರೊಬ್ಬರನ್ನು ನೋಡಲು ಹೋಗುವಾಗ. ಒಡೆದ ಬಾಟ್ಲಿ, ಪ್ಲಾಸ್ಟಿಕ್ ತಟ್ಟೆ, ವಾಂತಿ, ಒಂಟಿ ಚಪ್ಪಲಿ. ಪೊರಕೆ ಹಿಡಿದು ಗುಡಿಸುತ್ತಿದ್ದವರು ಪೌರಕಾರ್ಮಿಕ ಹೆಣ್ಣುಮಕ್ಕಳು. ಬೆಂಗಳೂರಿನಲ್ಲಿ ಈ ಕೆಲಸದಲ್ಲಿರುವ ಬಹುಪಾಲು ಹೆಣ್ಣುಮಕ್ಕಳು ನಮ್ಮವರೇ. ಆಯುಧಪೂಜೆಯ ಮಾರನೇ ದಿನ ಬಾಳೆಕಂಬ, ರಸ್ತೆ ತುಂಬ ಒಡೆದ ಬೂದುಗುಂಬಳ. ದೀಪಾವಳಿಯ ಮಾರನೇ ದಿನ ಪಟಾಕಿ ಕಾಗದ. ಅದನ್ನೆಲ್ಲ ಬಾಚುವವರೂ ಅವರೇ. ಒಬ್ಬಾಕೆ ಇನ್ನೊಬ್ಬಾಕೆಗೆ ‘ಹ್ಯಾಪಿ ನ್ಯೂ ಇಯರ್ ಕಣಕ್ಕ’ ಎಂದಳು. ಇಬ್ಬರೂ ನಕ್ಕು ಮತ್ತೆ ಬಾಗಿದರು. ಮಂಕರಿ ಹೊತ್ತ ಅವ್ವನ ಮಾತು ನೆನಪಾಯಿತು. ಅವರ್ದು ನೆನ್ನೆ, ನಮ್ದು ಇವತ್ತು.

ಈಗ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳೋಣ. 1983ರ ಯುಗಾದಿಗೆ ಮುಂಚೆ ನಮ್ಮ ಕೇರಿಯ ಹುಡುಗರು ಸಂಘ ಕಟ್ಟಿ, ಹಬ್ಬದ ಮಾರನೇ ದಿನ ಯಾರೂ ಊರೊಳಕ್ಕೆ ಬೇಡಲು ಹೋಗಕೂಡದು ಎಂದು ತೀರ್ಮಾನ ಮಾಡಿದೆವು. ಮಾಡಿದೆವು ಎಂದರೆ ಮಾಡಿದವರು ಹನ್ನೊಂದು ಜನ ಗಂಡಸರು. ನನಗೆ ಆಗಷ್ಟೇ ಪಕ್ಕದ ತಾಲ್ಲೂಕಿನಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಗೋಡೆ ಮೇಲೆ ಇದ್ದಿಲಲ್ಲಿ ಬರೆದೆವು, ತಮಟೆ ಬಡಿದು ಸಾರಿದೆವು. ಆ ದಿನ ಬೆಳಿಗ್ಗೆ ಒಬ್ಬ ವಿಧವೆ, ಎರಡು ಮಕ್ಕಳ ತಾಯಿ, ಹಿಂದಿನ ಕೊರಕಲಿನ ದಾರಿಯಿಂದ ಹೋಗಿ ಮಂಕರಿ ತುಂಬಿಸಿಕೊಂಡು ಬಂದಳು. ನಮ್ಮ ಹುಡುಗರು ಹಿಡಿದು ನಿಲ್ಲಿಸಿ ಮಂಕರಿ ಕಿತ್ತು ಬೋರಲು ಹಾಕಿದರು. ಒಬ್ಬಟ್ಟು ಮಣ್ಣಿಗೆ ಬಿತ್ತು. ನಾನು ಅಲ್ಲೇ ನಿಂತಿದ್ದೆ. ಆಕೆ ಅಳಲಿಲ್ಲ. ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ನಿಮ್ಗೆ ತಿಂಗ್ಳು ತಿಂಗ್ಳು ಸಂಬ್ಳ ಬತ್ತದೆ. ನಿಮ್ಮ ಮರ್ವಾದೆಯ ನನ್ನ ಮಕ್ಳಿಗೆ ಉಣ್ಣಾಕಿಕ್ಲಾ?’ ಎಂದಳು.

ಇದಕ್ಕೆ ನನ್ನಲ್ಲಿ ಆವತ್ತೂ ಉತ್ತರವಿರಲಿಲ್ಲ, ಇವತ್ತೂ ಪೂರ್ತಿ ಇಲ್ಲ. ಸ್ವಾಭಿಮಾನ ದೊಡ್ಡದು, ಸರಿ. ಬೇಡುವುದು ನಿಲ್ಲಬೇಕು, ಅದೂ ಸರಿ. ಆದರೆ ಒಬ್ಬರ ಸ್ವಾಭಿಮಾನವನ್ನು ಇನ್ನೊಬ್ಬರ ಹಸಿವಿನ ಮೇಲೆ ಕಟ್ಟುವ ಹಕ್ಕು ನಮಗೆ ಕೊಟ್ಟವರು ಯಾರು? ಗೌಡರು ಎತ್ತರದಿಂದ ಬಿಟ್ಟರು, ನಾವು ಕಿತ್ತು ಬಿಸುಟೆವು. ಮಣ್ಣಿನಿಂದ ಎತ್ತಿಕೊಳ್ಳಬೇಕಾದದ್ದು ಎರಡು ಸಲವೂ ಒಂದು ಮಗುವೇ. ಅದಕ್ಕಿಂತ ಹೆಚ್ಚಾಗಿ ಊರಿನವರು ಆ ತಿಂಗಳೆಲ್ಲ ಕೇರಿಯವರನ್ನು ಕೂಲಿಗೆ ಕರೆಯಲಿಲ್ಲ. ಸಂಬಳದವನಾದ ನನಗೆ ಅದರ ಬಿಸಿ ತಟ್ಟಲಿಲ್ಲ. ಮುಂದಿನ ವರ್ಷ ಬುದ್ಧಿ ಬಂತು. ಮೊದಲು ಮನೆ ಮನೆಯ ಹೆಂಗಸರನ್ನು ಕೂರಿಸಿ ಕೇಳಿದೆವು. ಚಂದಾ ಎತ್ತಿ ಬೇಳೆ, ಬೆಲ್ಲ, ಮೈದಾ ತಂದು, ಕೇರಿಯ ಹೊಂಗೆ ಮರದಡಿ ಒಲೆ ಹೂಡಿ ಎಲ್ಲರಿಗೂ ಒಟ್ಟಿಗೆ ಮಾಡಿದೆವು. ಮರುದಿನ ವರ್ಷತೊಡಕಿಗೆ ಗುಡ್ಡೆ ಬಾಡು ಹಾಕಿ ಮನೆಗೊಂದು ಪಾಲು. ಆ ವಿಧವೆಯೇ ಒಬ್ಬಟ್ಟು ತಟ್ಟಲು ಮುಂದೆ ಕೂತಳು. ನನಗೆ ಮಾತ್ರ ಒಂದು ವಾರ ಮಾತಾಡಿಸಲಿಲ್ಲ.

ಅಲ್ಲೂ ಎಲ್ಲ ನೆಟ್ಟಗಿತ್ತು ಎನ್ನಲಾರೆ. ನಮ್ಮ ಊರಿನಲ್ಲಿ ಹೊಲಗೇರಿ ಒಂದು, ಮಾದಿಗರ ಕೇರಿ ಇನ್ನೊಂದು. ಹೊಂಗೆ ಮರದಡಿಗೆ ಅವರನ್ನು ಕರೆಯಬೇಕೆಂದು ನಾಲ್ಕು ಜನ ಅಂದೆವು. ‘ಕರೀರಿ, ಬರ್ಲಿ, ಆದ್ರೆ ಒಲೆ ಹತ್ರ ಬ್ಯಾಡ’ ಎಂದರು ನಮ್ಮ ಹಿರೀಕರು. ಆ ಮಾತು ಹೇಳಿದವರ ಬಾಯಲ್ಲಿ ಗೌಡರ ಹಲ್ಲು ಕಂಡಿತು ನನಗೆ. ಇವತ್ತು ಏಪ್ರಿಲ್ 14 ಎಂದರೆ ಊರೂರಲ್ಲಿ ನೀಲಿ ಬಾವುಟ, ಪಲ್ಲಕ್ಕಿ, ಕಿವಿ ಕಿತ್ತುಹೋಗುವ ಡೀಜೆ, ಎಮ್ಮೆಲ್ಲೆಯ ಆಳೆತ್ತರದ ಫ್ಲೆಕ್ಸು. ಬಾಬಾಸಾಹೇಬರ ಫೋಟೊಗೆ ಮಂಗಳಾರತಿ. ನಮ್ಮ ಹೆಣ್ಣುಮಕ್ಕಳು ಅಂದೂ ಒಲೆ ಮುಂದೆ, ಮೆರವಣಿಗೆ ಹೋಗುವುದನ್ನು ಬಾಗಿಲ ಸಂದಿಯಲ್ಲಿ ನೋಡುವವರು. ತೇರು ಕೇರಿಯ ತಿರುವಿನಲ್ಲಿ ತಿರುಗಿತು ಎಂದು ಸಿಟ್ಟಾಗುವ ನಾವು, ನಮ್ಮ ತೇರು ಎಲ್ಲೆಲ್ಲಿ ತಿರುಗಿಕೊಳ್ಳುತ್ತಿದೆ ಎಂದು ನೋಡಬೇಡವೆ? ಡೀಜೆ ಬಿಟ್ಟುಬಿಡಿ ಎಂದರೆ ಹುಡುಗರು ಜಗಳಕ್ಕೆ ಬರುತ್ತಾರೆ. ಅವರ ಜಗಳದಲ್ಲೂ ಒಂದು ನ್ಯಾಯವಿದೆ. ಊರ ನಡುಬೀದಿಯಲ್ಲಿ ಕುಣಿಯುವ ಆಸೆಯನ್ನು ಅವರ ಅಜ್ಜಂದಿರು ಗಂಟಲಲ್ಲೇ ನುಂಗಿ ಸತ್ತಿದ್ದಾರೆ.

ಕಡೆಗೆ ಒಂದು ವಿಷಯ ಹೇಳಬೇಕು. ಇದನ್ನು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ.

ನನ್ನ ಮದುವೆಯಾಗಿ ಮನೆಗೆ ಹೆಂಚು ಹೊದಿಸಿದ ವರ್ಷ, ಯುಗಾದಿಯ ದಿನವೇ ನಮ್ಮ ಮನೆಯಲ್ಲಿ ಒಬ್ಬಟ್ಟಾಯಿತು. ಮಾರನೇ ದಿನವಲ್ಲ, ಅದೇ ದಿನ. ಅವ್ವ ಬೆಳಗಿನ ಜಾವ ಎದ್ದು ಬೇಳೆ ಬೇಯಿಸಿ, ಒರಳಲ್ಲಿ ಹೂರಣ ರುಬ್ಬಿ, ಸೊಸೆಯನ್ನು ಹತ್ತಿರ ಬಿಡದೆ ತಾನೇ ತಟ್ಟಿದಳು. ಮೊದಲು ಸುಟ್ಟ ಹತ್ತು ಒಬ್ಬಟ್ಟನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ‘ಗೌಡ್ರ ಮನೆಗೆ ಕೊಟ್ಟು ಬಾ ಮಗ.’

ನನಗೆ ಸಿಟ್ಟು ನೆತ್ತಿಗೇರಿತು. ‘ಏನವ್ವ ನೀನು? ಇನ್ನೂ ಬುದ್ದಿ ಬರ್ನಿಲ್ವಾ?’ ಎಂದೆ.

‘ಅಷ್ಟು ವರ್ಸ ಅವರ ಮನೇದ ನಾವು ತಿಂದಿವಿ. ಒಂದ್ಸಲ ನಮ್ಮನೇದ ಅವರೂ ತಿನ್ಲಿ. ಹಬ್ಬ ಅಂದ್ರೆ ಅತ್ಲಾಗಿಂದ ಇತ್ಲಾಗೆ ಬಂದಂಗೆ ಇತ್ಲಾಗಿಂದ ಅತ್ಲಾಗೂ ಹೋಗಬ್ಯಾಡ್ವಾ?’

ನಾನು ಓದಿದ ಪುಸ್ತಕಗಳಲ್ಲಿ, ಕೂತ ಶಿಬಿರಗಳಲ್ಲಿ ಯಾರೂ ಈ ಮಾತು ಹೇಳಿರಲಿಲ್ಲ. ಬೇಡುವುದು ತಪ್ಪು ಎಂದಿದ್ದರು, ಬೇಡದಿರುವುದು ಸರಿ ಎಂದಿದ್ದರು. ಕೊಡುವುದು ನಮ್ಮ ಹಕ್ಕು ಎಂದು ಯಾರಿಗೂ ಹೊಳೆದಿರಲಿಲ್ಲ. ಗಂಟು ಹಿಡಿದು ಹೊರಟೆ.

ಜಗಲಿಯ ಮುಂದೆ ನಿಂತೆ. ನಾಕು ಮಾರು ದೂರವಲ್ಲ, ಒಂದು ಮಾರು. ಗೌಡರ ಮನೆಯ ಹಿರಿಯ ಹೆಂಗಸು ಹೊರಗೆ ಬಂದರು. ಹಬ್ಬಕ್ಕೆ ಅವ್ವ ಕಳಿಸಿದಳು ಎಂದು ಹೇಳಿದೆ. ಆಕೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ ಅನ್ನಿಸುತ್ತದೆ. ಕೆಟ್ಟವರೇನಲ್ಲ, ನನ್ನನ್ನು ‘ಮೇಷ್ಟ್ರು’ ಎಂದೇ ಕರೆದರು. ಗಂಟನ್ನು ನೋಡಿದರು, ಒಳಗಡೆ ತಿರುಗಿ ನೋಡಿದರು, ‘ಅಲ್ಲಿ ಕಟ್ಟೆ ಮ್ಯಾಲೆ ಇಡಪ್ಪ’ ಎಂದರು. ಇಟ್ಟೆ. ‘ನಿಮ್ಮವ್ವ ಸಂದಾಗಿದ್ದಾಳಾ?’ ಎಂದು ಕೇಳಿದರು. ಹೂಂ ಎಂದೆ. ಬೀದಿಯ ತಿರುವಿಗೆ ಬಂದು ತಿರುಗಿ ನೋಡಬಾರದಿತ್ತು, ನೋಡಿದೆ. ಆಳಿನ ಹುಡುಗ ಗಂಟು ಬಿಚ್ಚಿ, ಎಲೆ ಸಮೇತ ಒಬ್ಬಟ್ಟನ್ನು ದನದ ಬಾನಿಗೆ ಹಾಕುತ್ತಿದ್ದ. ಬಟ್ಟೆಯನ್ನು ಬೇಲಿ ಮೇಲೆ ಹರವಿದ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ‘ಈಸ್ಕಂಡ್ರಾ ಮಗ?’

‘ಈಸ್ಕಂಡ್ರು ಕನವ್ವ.’

‘ತಿಂದ್ರಾ?’

‘ನನ್ನ ಮುಂದೇನೇ ಒಂದ ಮುರ್ಕಂಡು ತಿಂದ್ರು. ಬೋ ಸಂದಾಗದೆ ಅಂದ್ರು.’

ಅವ್ವ ಏನೂ ಹೇಳದೆ ಒಳಗೆ ಹೋಗಿ ಕಾವಲಿ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಅವಳು ಸಣ್ಣಗೆ ಏನೋ ಪದ ಹೇಳಿಕೊಳ್ಳುತ್ತಿರುವುದು ಹೊರಗೆ ಜಗಲಿಯ ಮೇಲೆ ಕೂತಿದ್ದ ನನಗೆ ಕೇಳಿಸಿತು. ಬೇಲಿ ಮೇಲಿನ ಬಟ್ಟೆ ತರಲು ಸಂಜೆ ಮತ್ತೆ ನಾನೇ ಹೋಗಬೇಕಾಯಿತು.